ಬೋರ್ಡ್ ಹಾಕಿದ ಮೇಲೂ ಕೆಲಸ ಯಾಕೆ ಮುಗಿಯುತ್ತಿಲ್ಲ?

ಓದುಗರ ಪ್ರಶ್ನೆ

ನಾನು ಬಳ್ಳಾರಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ಎಂಟು ಜನ ಇದ್ದೇವೆ. ಐವರು ಡೆವಲಪರ್‌ಗಳು, ಒಬ್ಬಳೇ ಟೆಸ್ಟರ್, ಸಪೋರ್ಟ್ ಫೋನ್ ನೋಡಿಕೊಳ್ಳುವ ಒಬ್ಬ ಹುಡುಗ, ಮತ್ತೆ ನಾನು. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಕೊಡುತ್ತೇವೆ. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ ಟೈಲರ್‌ಗಳ ಪೀಸ್ ಲೆಕ್ಕದ ಆ್ಯಪ್ ಇದೆ. ಮೊದಲು ಎರಡು ವಾರದ ಸ್ಪ್ರಿಂಟ್ ಇಟ್ಟುಕೊಂಡಿದ್ದೆವು, ಅಂದರೆ ಎರಡು ವಾರದಲ್ಲಿ ಏನೇನು ಮುಗಿಸಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳೋದು. ಒಂದು ಸ್ಪ್ರಿಂಟೂ ಅಂದುಕೊಂಡ ಹಾಗೆ ಮುಗಿಯಲಿಲ್ಲ. ನಡುವೆ ಮಿಲ್‌ನಿಂದ ಫೋನ್ ಬರುತ್ತೆ, "ಲಾರಿ ಲೋಡ್ ಆಗಿ ನಿಂತೈತಿ, ಬಿಲ್ ಬರವಲ್ದು" ಅಂತ. ಎಲ್ಲ ಬಿಟ್ಟು ಅದನ್ನು ನೋಡಬೇಕು. ಆರು ತಿಂಗಳ ಹಿಂದೆ, ಬೆಂಗಳೂರಿನಿಂದ ವಾಪಸ್ ಬಂದ ಸಹೋದ್ಯೋಗಿ ಕಾನ್‌ಬಾನ್ ಮಾಡೋಣ ಅಂದರು, ಪ್ರತಿ ಕೆಲಸಕ್ಕೂ ಒಂದು ಕಾರ್ಡ್ ಮಾಡಿ ಅದು ಯಾವ ಹಂತದಲ್ಲಿದೆ ಅಂತ ಬೋರ್ಡ್ ಮೇಲೆ ತೋರಿಸೋ ಪದ್ಧತಿ. ಟ್ರೆಲ್ಲೋ ಅನ್ನೋ ಆನ್‌ಲೈನ್ ಆ್ಯಪ್‌ನಲ್ಲಿ ಬೋರ್ಡ್ ಹಾಕಿದೆವು. ನಾಲ್ಕು ಕಾಲಮ್: ಮಾಡಬೇಕಾದ್ದು, ಮಾಡ್ತಿರೋದು, ಟೆಸ್ಟಿಂಗ್, ಮುಗೀತು. ಮೊದಲ ತಿಂಗಳು ಚೆನ್ನಾಗಿತ್ತು. ಈಗ 'ಮಾಡ್ತಿರೋದು' ಕಾಲಮ್‌ನಲ್ಲಿ 24 ಕಾರ್ಡ್, ಟೆಸ್ಟಿಂಗ್‌ನಲ್ಲಿ 16 ಕಾರ್ಡ್ ಇವೆ. ವಾರಕ್ಕೆ ಎಂಟು ಮುಗಿದರೆ ಹೆಚ್ಚು. ಸಣ್ಣ ಕೆಲಸಕ್ಕೂ ತಿಂಗಳ ಮೇಲಾಗುತ್ತೆ. ಟೆಸ್ಟರ್ ಹುಡುಗಿ ರಾತ್ರಿ ಎಂಟರವರೆಗೆ ಕೂತರೂ ಬೈಸಿಕೊಳ್ಳುತ್ತಾಳೆ. ನಮ್ಮ ಸಾಹೇಬರು "ಸ್ಪ್ರಿಂಟ್‌ನಾಗ ತಾರೀಖಾದ್ರೂ ಇತ್ತು, ಇದರಾಗ ಅದೂ ಇಲ್ಲ" ಅಂತಾರೆ. ನಮ್ಮ ಕಡೆಯ ಸಣ್ಣ ಟೀಮಿಗೆ ಕಾನ್‌ಬಾನ್ ಆಗಿಬರಲ್ವಾ? ಸ್ಪ್ರಿಂಟ್‌ಗೆ ವಾಪಸ್ ಹೋಗೋದೇ ಒಳ್ಳೆಯದಾ? ಇಲ್ಲ, ಟ್ರೆಲ್ಲೋ ಬಿಟ್ಟು ಅದೇ ಥರದ ಇನ್ನೊಂದು ಆ್ಯಪ್ ಜಿರಾ ತಗೋಬೇಕಾ?

ಉತ್ತರ

ಮೊದಲು ನಿಮ್ಮ ಟೆಸ್ಟರ್ ವಿಷಯ. ಅವರ ಮುಂದೆ 16 ಕಾರ್ಡ್ ಬಿದ್ದಿರುವುದಕ್ಕೆ ಅವರು ನಿಧಾನ ಎನ್ನುವುದು ಕಾರಣವಲ್ಲ. ಐದು ಜನ ಮಾಡಿ ಮಾಡಿ ಒಬ್ಬರ ಮೇಜಿನ ಮೇಲೆ ಇಡುತ್ತಿದ್ದಾರೆ, ಸಾಕು ಎಂದು ಹೇಳುವ ಒಂದು ನಿಯಮವೂ ನಿಮ್ಮಲ್ಲಿಲ್ಲ. ಅವರು ರಾತ್ರಿ ಹತ್ತರವರೆಗೆ ಕೂತರೂ ಆ ರಾಶಿ ಕರಗುವುದಿಲ್ಲ. ಈ ಉತ್ತರದಲ್ಲಿ ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಅವರನ್ನು ಬೈಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಇಂಥ ಜಾಗದಲ್ಲಿ ಕೆಲಸ ಬಿಟ್ಟು ಹೋಗುವುದು ಯಾವಾಗಲೂ ಆ ಒಬ್ಬರೇ. ಅವರ ಜೊತೆ ಇಡೀ ಸಾಫ್ಟ್‌ವೇರ್‌ನ ಒಳಗುಟ್ಟೂ ಹೋಗುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಈ ಪದ್ಧತಿ ನಮಗೆ ಹೊಂದುತ್ತಾ ಅನ್ನೋದು ಒಂದು. ಸಾಹೇಬರಿಗೆ ತಾರೀಖು ಎಲ್ಲಿಂದ ತಂದುಕೊಡಲಿ ಅನ್ನೋದು ಇನ್ನೊಂದು. ಎರಡಕ್ಕೂ ಬೇರು ಒಂದೇ. ನೀವು ಬೋರ್ಡ್ ಹಾಕಿದ್ದೀರಿ, ಆದರೆ ಒಮ್ಮೆಗೆ ಎಷ್ಟು ಕೆಲಸ ಕೈಯಲ್ಲಿರಬೇಕು ಎಂಬ ಮಿತಿ ಹಾಕಿಲ್ಲ. ಆ ಮಿತಿ ಇಲ್ಲದಿದ್ದರೆ ಕಾಲಮ್‌ಗಳಿಗೂ ಗೋಡೆಗೆ ಅಂಟಿಸಿದ ಪಟ್ಟಿಗೂ ದೊಡ್ಡ ವ್ಯತ್ಯಾಸ ಇಲ್ಲ.

ಇದು ನಾನು ಕಟ್ಟಿದ ಮಾತಲ್ಲ, ಕಾನ್‌ಬಾನ್ ಹುಟ್ಟಿದ್ದೇ ಹಾಗೆ. 1950ರ ದಶಕದಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಇದನ್ನು ಬೆಳೆಸಿದರು. ಮುಂದಿನ ಹಂತದವರು ಒಂದು ಬಿಡಿಭಾಗ ಬಳಸಿಕೊಂಡ ಮೇಲೆ ಅದರ ಕಾರ್ಡ್ ಹಿಂದಿನ ಹಂತಕ್ಕೆ ವಾಪಸ್ ಬರುತ್ತಿತ್ತು. ಕಾರ್ಡ್ ಬಂದರೆ ಮಾತ್ರ ಹೊಸದನ್ನು ಮಾಡಬೇಕು. ಕಾರ್ಡ್ ಇಲ್ಲದಿದ್ದರೆ ಮಷಿನ್ ಖಾಲಿ ನಿಂತರೂ ಸರಿ, ಮಾಡುವ ಹಾಗಿಲ್ಲ. ಕಾರ್ಡ್‌ಗಳ ಸಂಖ್ಯೆಯೇ ಮಿತಿ. ನಿಮ್ಮ ಟ್ರೆಲ್ಲೋದಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ಕಾರ್ಡ್ ಹುಟ್ಟಿಸಿ 'ಮಾಡ್ತಿರೋದು' ಕಾಲಮ್‌ಗೆ ಎಳೆಯಬಹುದು, ಅಲ್ವಾ? ಅಲ್ಲಿಗೇ ತಪ್ಪಿದ್ದು.

ಸಣ್ಣ ಟೀಮಿಗೆ, ನಮ್ಮ ಕಡೆಯವರಿಗೆ ಆಗಿಬರಲ್ವಾ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್ ಕೆಲಸಕ್ಕೆ ಈ ಯೋಚನೆ ತಂದ ಡೇವಿಡ್ ಆ್ಯಂಡರ್ಸನ್ ಅವರ ಮೊದಲ ದೊಡ್ಡ ಉದಾಹರಣೆ ಯಾವುದು ಗೊತ್ತಾ? 2004ರಲ್ಲಿ ಮೈಕ್ರೋಸಾಫ್ಟ್‌ನ ಒಳಗಿನ ಸಾಫ್ಟ್‌ವೇರ್‌ಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಟೀಮ್. ಡೆವಲಪರ್‌ಗಳೂ ಟೆಸ್ಟರ್‌ಗಳೂ ಕೂತಿದ್ದು ಹೈದರಾಬಾದಿನಲ್ಲಿ, ರಾಯಚೂರಿನಿಂದ ನಾಲ್ಕೈದು ಗಂಟೆ ದಾರಿ. ಅವರದ್ದೂ ನಿಮ್ಮ ಹಾಗೇ, ಹೊಸದೇನೂ ಕಟ್ಟುವ ಕೆಲಸವಲ್ಲ, ಬರುವ ಕೋರಿಕೆ ಮತ್ತು ದೋಷಗಳನ್ನು ತೀರಿಸುವ ಕೆಲಸ. ಒಂದು ಕೋರಿಕೆ ತೀರಲು ಸುಮಾರು ಐದು ತಿಂಗಳು ಹಿಡಿಯುತ್ತಿತ್ತು. ನೋಡಿದರೆ ಅವರ ಸಮಯದ ದೊಡ್ಡ ಪಾಲು, ಬಂದ ಪ್ರತಿ ಕೋರಿಕೆಗೂ ಎಷ್ಟು ದಿನ ಬೇಕೆಂದು ಅಂದಾಜು ಹಾಕುವುದರಲ್ಲೇ ಹೋಗುತ್ತಿತ್ತು. ಹೀಗೆ ಅಂದಾಜು ಹಾಕಿದ ಎಷ್ಟೋ ಕೆಲಸಗಳನ್ನು ಕೊನೆಗೆ ಯಾರೂ ಮಾಡಿಸುತ್ತಲೂ ಇರಲಿಲ್ಲ. ಅಂದಾಜು ಬಿಟ್ಟರು. ಒಳಗೆ ಹೋಗುವ ಕೆಲಸಕ್ಕೆ ಮಿತಿ ಹಾಕಿದರು. ಜಾಗ ಖಾಲಿಯಾದಾಗ ಮುಂದಿನದು ಯಾವುದೆಂದು ಕೆಲಸ ಕೇಳುವವರೇ ಸೇರಿ ಆರಿಸುವ ಹಾಗೆ ಮಾಡಿದರು. ವರ್ಷ ಚಿಲ್ಲರೆಯಲ್ಲಿ ಅದೇ ಕೋರಿಕೆ ಸುಮಾರು ಎರಡು ವಾರಕ್ಕೆ ಮುಗಿಯತೊಡಗಿತು. ಹಾಗಾಗಿ ಊರು, ಟೀಮಿನ ಗಾತ್ರ, ಇದನ್ನೆಲ್ಲ ಮನಸ್ಸಿನಿಂದ ತೆಗೆದುಹಾಕಿ.

ಈಗ ನಿಮ್ಮದೇ ಲೆಕ್ಕ. ಕೈಯಲ್ಲಿರುವುದು 24 ಮತ್ತು 16, ಒಟ್ಟು 40. ವಾರಕ್ಕೆ ಮುಗಿಯುವುದು 8. ಹೊಸದಾಗಿ ಒಳಗೆ ಬಂದ ಕಾರ್ಡ್ ಹೊರಗೆ ಹೋಗಲು ಸರಾಸರಿ ಐದು ವಾರ. "ಸಣ್ಣ ಕೆಲಸಕ್ಕೂ ತಿಂಗಳ ಮೇಲಾಗುತ್ತೆ" ಎಂದು ನೀವು ಬರೆದದ್ದು ಇದೇ. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ಸರತಿ ಸಾಲಿನ ನಿಯಮ ಇದು. ಒಳಗಿರುವ ಸಂಖ್ಯೆಯನ್ನು ಹೊರಗೆ ಹೋಗುವ ವೇಗದಿಂದ ಭಾಗಿಸಿದರೆ ಒಳಗೆ ಕಳೆಯುವ ಸಮಯ ಬರುತ್ತದೆ. ಅದೇ ಎಂಟು ಜನ, ಅದೇ ವೇಗ, ಆದರೆ ಒಳಗೆ 16 ಮಾತ್ರ ಇದ್ದಿದ್ದರೆ ಎರಡು ವಾರ. ಒಂದು ಎಚ್ಚರಿಕೆ ಹೇಳಬೇಕು. ಇದು ಸರಾಸರಿಯ ಮಾತು. ಒಳಗೆ ಬರುವುದು ಮತ್ತು ಹೊರಗೆ ಹೋಗುವುದು ಹೆಚ್ಚು ಕಡಿಮೆ ಸಮ ಇದ್ದಾಗ ಮಾತ್ರ ಹೊಂದುತ್ತದೆ. ನಾಳೆ ಮಿತಿ ಹಾಕಿದರೆ ನಾಡಿದ್ದು ಎರಡು ವಾರಕ್ಕೆ ಇಳಿಯುತ್ತದೆ ಎಂದು ಸಾಹೇಬರಿಗೆ ಮಾತು ಕೊಡಬೇಡಿ.

ಕೆಲಸಕ್ಕೆ ಮಿತಿ ಹಾಕಿದರೆ ಕೆಲಸ ಕಡಿಮೆ ಆಗಲ್ವಾ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಗಿರಾಕಿಗಳ ಮಿಲ್ ಒಳಗೆ ಹೋಗಿ ಒಮ್ಮೆ ನೋಡಿ. ಹೊಟ್ಟು ಬಿಡಿಸುವ ಮಷಿನ್ ಎಷ್ಟೇ ಜೋರಾಗಿ ಓಡಲಿ, ಕಲ್ಲು, ಕಪ್ಪು ಕಾಳು ಆರಿಸುವ ಸಾರ್ಟೆಕ್ಸ್ ಗಂಟೆಗೆ ಎಷ್ಟು ಬಿಡುತ್ತದೋ ಅಷ್ಟೇ ಅಕ್ಕಿ ಚೀಲಕ್ಕೆ ಬೀಳುವುದು. ಹಿಂದಿನ ಮಷಿನ್ ನಿಲ್ಲಿಸದಿದ್ದರೆ ಅಕ್ಕಿ ಜಾಸ್ತಿ ಆಗುವುದಿಲ್ಲ, ನಡುವಿನ ಬಿನ್ ತುಂಬಿ ಚೆಲ್ಲುತ್ತದೆ. ಮಿಲ್ಲಿನ ಆಪರೇಟರ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮಲ್ಲಿ ಆ ಸಾರ್ಟೆಕ್ಸ್ ಜಾಗದಲ್ಲಿರುವುದು ಟೆಸ್ಟಿಂಗ್.

ಟೆಸ್ಟಿಂಗ್ ರಾಶಿ ಇನ್ನೊಂದು ನಷ್ಟವನ್ನೂ ತರುತ್ತದೆ, ಅದು ಬೋರ್ಡ್ ಮೇಲೆ ಕಾಣುವುದಿಲ್ಲ. ಇವತ್ತು ಬರೆದ ಕೋಡನ್ನು ಟೆಸ್ಟರ್ ಎರಡು ವಾರ ಬಿಟ್ಟು ನೋಡಿ ತಪ್ಪು ಹಿಡಿದು ವಾಪಸ್ ಕಳಿಸುತ್ತಾರೆ. ಅಷ್ಟರಲ್ಲಿ ಆ ಡೆವಲಪರ್ ಬೇರೆ ಮೂರು ಕೆಲಸದಲ್ಲಿ ಮುಳುಗಿರುತ್ತಾನೆ. ತಾನೇ ಬರೆದದ್ದು ಅವನಿಗೇ ಮರೆತಿರುತ್ತದೆ. ಅರ್ಧ ಗಂಟೆಯ ತಿದ್ದುಪಡಿಗೆ ಅರ್ಧ ದಿನ ಹೋಗುತ್ತದೆ. ರಾಶಿ ಸಣ್ಣದಾದರೆ ಮರುದಿನವೇ ತಪ್ಪು ಗೊತ್ತಾಗುತ್ತದೆ, ಆಗ ತಲೆಯಲ್ಲಿ ಎಲ್ಲ ಇನ್ನೂ ತಾಜಾ ಇರುತ್ತದೆ. ಮಿತಿ ಹಾಕಿದ ಟೀಮ್‌ಗಳಲ್ಲಿ ಮುಗಿಯುವ ವೇಗವೂ ನಿಧಾನಕ್ಕೆ ಏರುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ದೊಡ್ಡ ಕಾರಣ ಇದೇ ಎನ್ನುವುದು ನನ್ನ ಅನುಭವ.

ಇನ್ನು ತಾರೀಖು. ಕಾನ್‌ಬಾನ್‌ನಲ್ಲಿ ತಾರೀಖು ಇಲ್ಲ ಎನ್ನುವುದು ತುಂಬ ಕಡೆ ಕೇಳುವ ಮಾತು, ಅದು ತಪ್ಪು. ಸ್ಪ್ರಿಂಟ್ ಇಲ್ಲ ಎಂದರೆ ತಾರೀಖು ಇಲ್ಲ ಎಂದಲ್ಲ. ನಿಮ್ಮ ವ್ಯಾಪಾರದಲ್ಲಂತೂ ತಾರೀಖುಗಳು ಸರ್ಕಾರದಿಂದಲೇ ಬರುತ್ತವೆ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ, ಆಮೇಲೆ ಮಾರ್ಚ್ 31. 2022ರಲ್ಲಿ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ ಪ್ಯಾಕಿಗೆ ಶೇಕಡಾ 5 ಜಿಎಸ್‌ಟಿ ಬಂತಲ್ಲ, ಜೂನ್ ಕೊನೆಯ ಸಭೆಯಲ್ಲಿ ತೀರ್ಮಾನವಾಗಿ ಜುಲೈ 18ಕ್ಕೆ ಜಾರಿಯಾಯಿತು. ಆಮೇಲೆ ಅಂಗಡಿಗಳಿಗೆ 26 ಕೆಜಿ ಚೀಲ ಬಂದದ್ದು ನಿಮಗೆ ನೆನಪಿರಬಹುದು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರಿಗೆ ಅದು ಎರಡು ಬದಲಾವಣೆ, ಮೊದಲು ತೆರಿಗೆ, ಆಮೇಲೆ ಹೊಸ ಚೀಲದ ಅಳತೆ. 2025ರಲ್ಲೂ ಹಾಗೇ ಆಯಿತು. ಸೆಪ್ಟೆಂಬರ್ 3ರಂದು ಹೊಸ ದರ ಹೇಳಿದರು, 22ರಿಂದ ಜಾರಿ. ಬಟ್ಟೆಗೆ ಶೇಕಡಾ 5ರ ಮಿತಿ ಪೀಸಿಗೆ 1,000 ರೂಪಾಯಿಯಿಂದ 2,500ಕ್ಕೆ ಏರಿತು, ಅದರ ಮೇಲಿನದ್ದಕ್ಕೆ 18. ಜೀನ್ಸ್ ಬಿಲ್ ಮಾಡುವ ಎಲ್ಲರಿಗೂ ಮೂರು ವಾರದೊಳಗೆ ಸಾಫ್ಟ್‌ವೇರ್ ಬದಲಾಗಲೇಬೇಕಿತ್ತು. ಇಂಥ ಕಾರ್ಡ್‌ಗಳಿಗೆ ಬೇರೆ ಬಣ್ಣ ಕೊಟ್ಟು, ಮೇಲೆ ತಾರೀಖು ಬರೆದು, ಎಷ್ಟು ದಿನ ಮೊದಲು ಒಳಗೆ ಎಳೆಯಬೇಕು ಎನ್ನುವುದನ್ನೂ ಬರೆದಿಡಬೇಕು. 40 ಕಾರ್ಡ್ ಕೈಯಲ್ಲಿಟ್ಟುಕೊಂಡ ಟೀಮಿಗೆ ಮೂರು ವಾರ ಸಾಲುವುದಿಲ್ಲ, ನಿಮ್ಮ ಸರತಿಯೇ ಐದು ವಾರದ್ದು. 16 ಇಟ್ಟುಕೊಂಡ ಟೀಮಿಗೆ ಸಾಲುತ್ತದೆ.

ಉಳಿದ ಮಾಮೂಲಿ ಕೆಲಸಕ್ಕೆ ತಾರೀಖು ಹೇಳುವ ದಾರಿ ಹೀಗೆ. ಪ್ರತಿ ಕಾರ್ಡ್ ಮೇಲೆ ಎರಡು ದಿನಾಂಕ ಬರೆಯಿರಿ, ಕೈಗೆತ್ತಿಕೊಂಡ ದಿನ ಮತ್ತು ಮುಗಿದ ದಿನ. ಕೊನೆಯ 40 ಮುಗಿದ ಕಾರ್ಡ್‌ಗಳು ಎಷ್ಟೆಷ್ಟು ದಿನ ತೆಗೆದುಕೊಂಡವು ಎಂದು ಎಕ್ಸೆಲ್‌ನಲ್ಲಿ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. 34ನೆಯದ್ದು 13 ದಿನ ಇದ್ದರೆ "ನಾವು ಕೈಗೆತ್ತಿಕೊಂಡ ಕೆಲಸದಲ್ಲಿ ನೂರಕ್ಕೆ 85 ಭಾಗ 13 ದಿನದೊಳಗೆ ಮುಗಿಯುತ್ತದೆ" ಎಂದು ಹೇಳಬಹುದು. ಇದು ಅಂದಾಜಲ್ಲ, ನೀವೇ ಮಾಡಿ ತೋರಿಸಿದ್ದು. ಸರಾಸರಿ ಹೇಳಬೇಡಿ, ಸರಾಸರಿ ಹೇಳಿದರೆ ಎಷ್ಟೋ ಸಲ ಮಾತು ತಪ್ಪುತ್ತೀರಿ. ಆದರೆ ಈಗಿನ ನಿಮ್ಮ ಕಾರ್ಡ್‌ಗಳಿಂದ ಈ ಲೆಕ್ಕ ಹಾಕಿದರೆ ಬರುವ ಸಂಖ್ಯೆ ನೋಡಿ ಸಾಹೇಬರಿಗೆ ಬೇಸರ ಆಗುತ್ತದೆ. ಆಗಲಿ. ಈಗಿನ ನಿಜ ಅದೇ. ಮಿತಿ ಹಾಕಿ ಎರಡು ತಿಂಗಳಾದ ಮೇಲೆ ಮತ್ತೆ ಲೆಕ್ಕ ಹಾಕಿ ಪಕ್ಕದಲ್ಲಿಡಿ. ಮತ್ತೆ, ಕಾರ್ಡ್‌ಗಳು ಅಜಗಜಾಂತರ ಇರಬಾರದು. "ಬಿಲ್ ಪ್ರಿಂಟ್‌ನಲ್ಲಿ ಕಾಟಾ ಚೀಟಿ ನಂಬರ್ ಬರಬೇಕು" ಅನ್ನೋದು ಒಂದು ಕಾರ್ಡ್. "ಪೂರ್ತಿ ಸ್ಟಾಕ್ ಮಾಡ್ಯೂಲ್ ಹೊಸದಾಗಿ" ಅನ್ನೋದು ಒಂದು ಕಾರ್ಡ್ ಅಲ್ಲ, ಅದನ್ನು ಒಡೆಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ.

ಸ್ಪ್ರಿಂಟ್‌ಗೆ ವಾಪಸ್ ಹೋಗಬಹುದು, ಅದರಲ್ಲಿ ಅವಮಾನ ಏನೂ ಇಲ್ಲ. ಎರಡು ವಾರ ಏನು ಮಾಡುತ್ತೇವೆ ಎಂದು ಮೊದಲೇ ಹೇಳಬಹುದಾದ ಟೀಮಿಗೆ ಅದು ಒಳ್ಳೆಯ ಪದ್ಧತಿ. ಜೀನ್ಸ್ ಆ್ಯಪ್ ಮಾತ್ರ ನಿಮ್ಮ ಕೆಲಸವಾಗಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ಆದರೆ ಲಾರಿ ನಿಂತ ಫೋನ್ ಆಗಲೂ ಬರುತ್ತದೆ. ಸ್ಪ್ರಿಂಟ್ ಮುರಿದದ್ದು ಆ ಫೋನಿನಿಂದ, ಆ ಕಾರಣ ಇನ್ನೂ ಹಾಗೇ ಇದೆ. ಇಬ್ಬರು ಡೆವಲಪರ್‌ಗಳನ್ನು ಸಪೋರ್ಟ್‌ಗೆಂದೇ ತೆಗೆದಿಟ್ಟು ಉಳಿದ ಮೂವರಿಗೆ ಸ್ಪ್ರಿಂಟ್ ಮಾಡಿದರೆ ನಡೆಯಬಹುದು. ಆಗ ಎರಡು ಅಪಾಯ. ಸಪೋರ್ಟ್‌ಗೆ ಬಿದ್ದವರು ತಮ್ಮನ್ನು ಎರಡನೇ ದರ್ಜೆಯವರು ಎಂದುಕೊಂಡು ಬೇರೆ ಕೆಲಸ ಹುಡುಕುತ್ತಾರೆ. ಹೊಸದು ಬರೆಯುವವರಿಗೆ ತಾವು ಬರೆದದ್ದು ಮಿಲ್ಲಿನಲ್ಲಿ ಹೇಗೆ ಕೈಕೊಡುತ್ತದೆ ಎನ್ನುವುದೇ ಗೊತ್ತಾಗುವುದಿಲ್ಲ.

ಸುಲಭದ ಇನ್ನೊಂದು ದಾರಿ, ಬೇರೆ ಏನನ್ನೂ ಮುಟ್ಟದೆ ಟೆಸ್ಟಿಂಗ್ ಕಾಲಮ್‌ಗೆ ಮಾತ್ರ ಮಿತಿ ಹಾಕುವುದು. ನಾಲ್ಕು ಕಾರ್ಡ್, ಅಷ್ಟೇ. ತುಂಬಿದ್ದರೆ ಯಾರೂ ಅಲ್ಲಿಗೆ ತಳ್ಳುವಂತಿಲ್ಲ. ಟೀಮ್ ಒಪ್ಪದೇ ಇದ್ದರೆ, ಸಾಹೇಬರು ದೊಡ್ಡ ಬದಲಾವಣೆಗೆ ತಯಾರಿಲ್ಲದಿದ್ದರೆ ಇಷ್ಟರಿಂದ ಶುರು ಮಾಡಿ. ಅಪಾಯ ಏನೆಂದರೆ, 'ಮಾಡ್ತಿರೋದು' ಕಾಲಮ್ 24ರಿಂದ 35 ಆಗುತ್ತದೆ. ಕೋಡ್ ಮುಗಿದಿದ್ದರೂ ಕಾರ್ಡ್ ಅಲ್ಲೇ ಉಳಿಯುತ್ತದೆ, ರಾಶಿ ಜಾಗ ಬದಲಿಸುತ್ತದೆ ಅಷ್ಟೇ.

ನಾನು ನಿಮಗೆ ಹೇಳುವುದು ಪೂರ್ತಿ ಮಿತಿ ಹಾಕುವ ದಾರಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಲ್ಲಿಯೇ ಹೆಚ್ಚಿನವರು ಎಡವುವುದು.

ಮೊದಲು ಈಗಿರುವ 40 ಕಾರ್ಡ್. ಒಂದು ಮಧ್ಯಾಹ್ನ ಸಾಹೇಬರನ್ನೂ ಕೂರಿಸಿಕೊಂಡು ಒಂದೊಂದೇ ನೋಡಿ. ಕಳೆದ ಒಂದು ವಾರ ಯಾರೂ ಮುಟ್ಟದ ಕಾರ್ಡ್ ನಿಜವಾಗಿ 'ಮಾಡ್ತಿರೋದು' ಅಲ್ಲ, ಅದನ್ನು ವಾಪಸ್ 'ಮಾಡಬೇಕಾದ್ದು' ಪಟ್ಟಿಗೆ ಹಾಕಿ. ಗಿರಾಕಿಯೇ ಮರೆತಿದ್ದರೆ ಅವರಿಗೆ ಒಂದು ಫೋನ್ ಮಾಡಿ ಕೇಳಿ, ಬೇಡ ಎಂದರೆ ತೆಗೆದುಬಿಡಿ. ಟೆಸ್ಟಿಂಗ್‌ನ 16ಕ್ಕೆ ಮಾತ್ರ ಹಾಗೆ ಮಾಡಬೇಡಿ. ಅವು ಮುಗಿಯುವ ಹಂತದಲ್ಲಿವೆ, ಅವನ್ನು ತಳ್ಳಿ ಮುಗಿಸಬೇಕು. ಎರಡು ವಾರ ಯಾವ ಡೆವಲಪರ್ರೂ ಹೊಸ ಕೆಲಸ ಎತ್ತದೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಟೆಸ್ಟ್ ಮಾಡಲಿ. ಏನೇನು ನೋಡಬೇಕು ಎಂದು ಹೇಳಿಕೊಡುವುದು ನಿಮ್ಮ ಟೆಸ್ಟರ್ ಕೆಲಸ. ಆ ಹುಡುಗಿಗೆ ಟೀಮಿನಲ್ಲಿ ಸಿಗಬೇಕಾದ ಮರ್ಯಾದೆಯೂ ಆಗ ಸಿಗುತ್ತದೆ.

ಆಮೇಲೆ ಕಾಲಮ್‌ಗಳು. ನಿಮ್ಮ ನಾಲ್ಕು ಕಾಲಮ್ ಕೆಲಸ ನಿಜವಾಗಿ ಓಡುವ ದಾರಿಯನ್ನು ತೋರಿಸುವುದಿಲ್ಲ. ಕೋಡ್ ಮುಗಿದು ಟೆಸ್ಟಿಗೆ ಕಾಯುವುದು ಒಂದು ಸ್ಥಿತಿ, ಟೆಸ್ಟ್ ಆಗಿ ಗಿರಾಕಿಯ ಕಂಪ್ಯೂಟರ್‌ಗೆ ಹೋಗಲು ಕಾಯುವುದು ಇನ್ನೊಂದು. ಆ ಕಾಯುವ ಜಾಗಗಳಿಗೂ ಕಾಲಮ್ ಬೇಕು, ಯಾಕೆಂದರೆ ಐದು ವಾರದಲ್ಲಿ ದೊಡ್ಡ ಪಾಲು ಹೋಗುತ್ತಿರುವುದು ಅಲ್ಲೇ. 'ಮುಗೀತು' ಎಂದರೆ ಏನು ಎನ್ನುವುದನ್ನೂ ಒಂದು ಸಾಲಿನಲ್ಲಿ ಬರೆದಿಡಿ. ಮಿಲ್ಲಿನ ಗುಮಾಸ್ತ ತನ್ನ ಕಂಪ್ಯೂಟರ್‌ನಲ್ಲಿ ಬಳಸಿದ ಮೇಲೆ ಮುಗಿದದ್ದು, ನಿಮ್ಮ ಆಫೀಸಿನಲ್ಲಿ ಸರಿಹೋದಾಗ ಅಲ್ಲ.

ಮಿತಿ ಎಷ್ಟು? ಇದಕ್ಕೆ ಸೂತ್ರ ಇಲ್ಲ. ಡೆವಲಪ್‌ಮೆಂಟ್‌ಗೆ ಆರು, ಟೆಸ್ಟ್‌ಗೆ ಕಾಯುವುದು ಮತ್ತು ಟೆಸ್ಟಿಂಗ್ ಎರಡೂ ಸೇರಿ ನಾಲ್ಕು, ಗಿರಾಕಿಗೆ ಹೋಗಲು ಕಾಯುವುದಕ್ಕೆ ನಾಲ್ಕು. ನಿಮ್ಮ ಟೀಮಿಗೆ ಇದರಿಂದ ಶುರು ಮಾಡಬಹುದು. ತಿಂಗಳಿಗೊಮ್ಮೆ ಕೂತು ಬದಲಿಸಿ, ದಿನಕ್ಕೊಮ್ಮೆ ಅಲ್ಲ. ಮಿತಿ ಒಂದು ಸಲವೂ ಯಾರಿಗೂ ಅಡ್ಡ ಬರಲಿಲ್ಲ ಎಂದರೆ ಅದು ಜಾಸ್ತಿ ಸಡಿಲ ಇದೆ ಎಂದೇ ಅರ್ಥ. ತೀರಾ ಬಿಗಿಯಾದರೆ ಬೇರೆ ತೊಂದರೆ. ಒಬ್ಬ ಗಿರಾಕಿ ಉತ್ತರ ಕೊಡಲು ತಡಮಾಡಿದರೆ ಸಾಕು, ಇಡೀ ಟೀಮ್ ನಿಂತುಹೋಗುತ್ತದೆ.

ಒಬ್ಬ ಡೆವಲಪರ್ ಕೈ ಖಾಲಿಯಾದಾಗ ಅವನು ಮೊದಲು ನೋಡಬೇಕಾದ್ದು ಬೋರ್ಡಿನ ಬಲಗಡೆ, ಮುಗಿಯುವ ಹತ್ತಿರ ಇರುವುದು ಏನಿದೆ, ಅದಕ್ಕೆ ನಾನು ಏನು ಮಾಡಬಹುದು ಎಂದು. ಬೆಳಿಗ್ಗೆ ಹದಿನೈದು ನಿಮಿಷ ನಿಂತು ಮಾತಾಡುವಾಗಲೂ ಬಲಗಡೆಯಿಂದಲೇ ಶುರು ಮಾಡಿ. "ನೀನು ನಿನ್ನೆ ಏನು ಮಾಡಿದೆ" ಎಂದು ಒಬ್ಬೊಬ್ಬರನ್ನು ಕೇಳಬೇಡಿ. "ಈ ಕಾರ್ಡ್ ಒಂಬತ್ತು ದಿನದಿಂದ ಇಲ್ಲೇ ಇದೆ, ಯಾಕೆ?" ಎಂದು ಕಾರ್ಡ್ ಬಗ್ಗೆ ಕೇಳಿ. ಹೀಗೆ ಕೇಳಿದರೆ ಹುಡುಗರು ಮುಚ್ಚಿಡುವುದು ಕಡಿಮೆಯಾಗುತ್ತದೆ. ಇದನ್ನು ಒತ್ತಿ ಹೇಳುತ್ತೇನೆ, ಈ ಲೆಕ್ಕಗಳನ್ನು ಯಾರು ಎಷ್ಟು ಕಾರ್ಡ್ ಮುಗಿಸಿದರು ಎಂದು ಅಳೆಯಲು ಬಳಸಲೇಬೇಡಿ. ಬಳಸಿದ ದಿನದಿಂದ ಎಲ್ಲರೂ ಸುಲಭದ ಕಾರ್ಡ್ ಹುಡುಕುತ್ತಾರೆ, ಕಷ್ಟದ್ದು ಕೊಳೆಯುತ್ತದೆ, ಬೋರ್ಡ್ ಮೇಲಿನ ಒಂದು ಸಂಖ್ಯೆಯನ್ನೂ ನಂಬುವ ಹಾಗಿರುವುದಿಲ್ಲ.

ಲಾರಿ ನಿಂತ ಫೋನ್‌ಗೆ ಬರೋಣ. ಬೋರ್ಡಿನ ಮೇಲ್ಭಾಗದಲ್ಲಿ ಒಂದು ಪ್ರತ್ಯೇಕ ಸಾಲು ಎಳೆಯಿರಿ, ಅದರಲ್ಲಿ ಒಮ್ಮೆಗೆ ಒಂದೇ ಕಾರ್ಡ್ ಇರಬೇಕು. ಅದು ಬಂದಾಗ ಮಿತಿ ಮೀರಬಹುದು, ಕೈಯಲ್ಲಿರುವುದನ್ನು ಬಿಟ್ಟು ಎದ್ದೇಳಬಹುದು. ಆದರೆ ಯಾವುದು ಅರ್ಜೆಂಟ್ ಎಂದು ಮೊದಲೇ ಬರೆದಿಡಿ. ಬಿಲ್ ಅಥವಾ ಇ-ವೇ ಬಿಲ್ ಬರದೆ ಮಾಲು ಹೊರಗೆ ಹೋಗುತ್ತಿಲ್ಲ, ಇದು ಅರ್ಜೆಂಟ್. ಕೂಲಿ ದಿನ ಟೈಲರ್‌ಗಳ ಪೀಸ್ ಲೆಕ್ಕ ತಪ್ಪು ಬರುತ್ತಿದೆ, ಇದೂ ಅರ್ಜೆಂಟ್. ದೊಡ್ಡ ಗಿರಾಕಿ ಕೇಳಿದ ಹೊಸ ರಿಪೋರ್ಟ್ ಅರ್ಜೆಂಟ್ ಅಲ್ಲ, ಅವರು ಎಷ್ಟೇ ದೊಡ್ಡ ಸಾವ್ಕಾರ್ರಾಗಿರಲಿ. ಈ ಸಾಲು ಕೆಡುವುದು ತುಂಬ ಸುಲಭ. ಎಲ್ಲರೂ ತಮ್ಮ ಕೆಲಸವನ್ನು ಅಲ್ಲಿಗೆ ತಳ್ಳಲು ನೋಡುತ್ತಾರೆ, ಮೂರನೇ ವಾರಕ್ಕೆ ಎಲ್ಲವೂ ಅರ್ಜೆಂಟ್ ಆಗಿರುತ್ತದೆ. ಒಂದಕ್ಕಿಂತ ಹೆಚ್ಚು ಬಿಡದಿರುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು, ಅದು ನೀವೇ ಆಗಿರಿ. ಇದರ ಜೊತೆಗೆ ಸ್ಪ್ರಿಂಟ್ ದಾರಿಯಿಂದ ಒಂದು ಒಳ್ಳೆಯದನ್ನು ತೆಗೆದುಕೊಳ್ಳಿ. ವಾರಕ್ಕೊಬ್ಬ ಡೆವಲಪರ್ ಸಪೋರ್ಟ್ ಹುಡುಗನ ಪಕ್ಕ ಕೂರಲಿ, ಆ ವಾರ ಅವನಿಗೆ ಬೇರೆ ಕಾರ್ಡ್ ಬೇಡ. ಉಳಿದ ನಾಲ್ವರ ಕಿವಿಗೆ ಫೋನ್ ಬೀಳಬಾರದು. ಸರದಿಯಾದ್ದರಿಂದ ಯಾರಿಗೂ ಶಿಕ್ಷೆ ಅನ್ನಿಸುವುದಿಲ್ಲ.

ಆ ಡೆವಲಪರ್‌ಗೆ ಇನ್ನೊಂದು ಕೆಲಸವೂ ಇದೆ. ಬಂದ ಪ್ರತಿ ಫೋನ್ ಯಾಕೆ ಬಂತು ಎಂದು ಒಂದು ಪುಸ್ತಕದಲ್ಲಿ ಬರೆಯುವುದು. ಒಂದು ತಿಂಗಳ ಫೋನ್‌ಗಳನ್ನು ಗುಂಪು ಮಾಡಿದರೆ, ನನ್ನ ಅನುಭವದಲ್ಲಿ, ಮೂರ್ನಾಲ್ಕು ಕಾರಣಗಳೇ ಮತ್ತೆ ಮತ್ತೆ ಬಂದಿರುತ್ತವೆ. ಪ್ರಿಂಟರ್ ಸೆಟ್ಟಿಂಗ್, ಇಂಟರ್ನೆಟ್ ಹೋದಾಗ ಅರ್ಧಕ್ಕೆ ನಿಂತ ಬಿಲ್, ವರ್ಷ ಬದಲಾದಾಗ ಬಿಲ್ ನಂಬರ್ ಗೊಂದಲ, ಇಂಥವು. ಇವುಗಳ ಬೇರನ್ನು ಕಿತ್ತುಹಾಕುವ ಒಂದು ಕಾರ್ಡ್ ಯಾವಾಗಲೂ ಬೋರ್ಡ್ ಮೇಲೆ ಓಡುತ್ತಿರಲಿ. ಯಾರೂ ಅವಸರ ಮಾಡದ ಕೆಲಸ ಇದು, ಅದಕ್ಕೇ ಯಾವಾಗಲೂ ಹಿಂದೆ ಬೀಳುತ್ತದೆ. ಫೋನ್ ಕಡಿಮೆ ಆಗದಿದ್ದರೆ ಯಾವ ಪದ್ಧತಿ ತಂದರೂ ನಿಮ್ಮ ಟೀಮ್‌ಗೆ ಉಸಿರಾಡಲು ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಕಡೆಯಿಂದ ಇದು ಒಡೆಯಬಹುದು, ಸಾಹೇಬರ ವಾಟ್ಸಾಪ್‌ನಿಂದ. ಮಿಲ್ ಮಾಲೀಕರು ಮದುವೆಯಲ್ಲೋ ಎಪಿಎಂಸಿಯಲ್ಲೋ ಸಿಕ್ಕಾಗ ಅವರು "ಆಯ್ತು ಬಿಡಿ, ಮಾಡಿಸ್ತೀನಿ" ಎಂದಿರುತ್ತಾರೆ, ಸಂಜೆ ನೇರವಾಗಿ ಒಬ್ಬ ಡೆವಲಪರ್‌ಗೆ ಮೆಸೇಜ್ ಬರುತ್ತದೆ. ಅವನು ಇಲ್ಲ ಅನ್ನಲಾರ. ಆ ಕೆಲಸ ಬೋರ್ಡ್ ಮೇಲೆ ಬರುವುದೇ ಇಲ್ಲ, ಆದರೆ ಸಮಯ ತಿನ್ನುತ್ತದೆ. ಇದನ್ನು ನಿಯಮ ತೋರಿಸಿ ನಿಲ್ಲಿಸಲು ಆಗುವುದಿಲ್ಲ. ಸಾಹೇಬರ ಜೊತೆ ದುಡ್ಡಿನ ಭಾಷೆಯಲ್ಲಿ ಮಾತಾಡಿ. ಕೈಯಲ್ಲಿರುವ 40 ಕೆಲಸಕ್ಕೂ ಸಂಬಳ ಆಗಲೇ ಹೋಗಿದೆ, ಒಂದಕ್ಕೂ ಬಿಲ್ ಮಾಡಲು ಆಗಿಲ್ಲ. ಮುಗಿದ ಎಂಟಕ್ಕೆ ಮಾತ್ರ ದುಡ್ಡು ಬರುತ್ತದೆ. ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಅವರನ್ನು ಬೋರ್ಡ್ ಮುಂದೆ ಕರೆಯಿರಿ. ಈ ವಾರ ಇಷ್ಟು ಜಾಗ ಖಾಲಿಯಾಗುತ್ತದೆ, ಯಾವುದನ್ನು ಒಳಗೆ ತರೋಣ ನೀವೇ ಹೇಳಿ ಎಂದು ಕೇಳಿ. ಮುಂದಿನದು ಯಾವುದು ಎಂದು ಆರಿಸುವ ಹಕ್ಕು ಪೂರ್ತಿ ಅವರದ್ದು, ಎಷ್ಟು ಎನ್ನುವುದು ಮಿತಿಯದ್ದು. ಆಮೇಲೆ ಗಿರಾಕಿಗೆ ಅವರೂ ಧೈರ್ಯವಾಗಿ "ಸೋಮವಾರ ನೋಡಿ ಹೇಳ್ತೀನಿ" ಅನ್ನಬಹುದು. ಹೀಗೆ ಕೇಳಿದಾಗ ಎಷ್ಟೋ ಮಾಲೀಕರು ಒಪ್ಪುತ್ತಾರೆ. ಸುಮ್ನೆ "ಆಗಲ್ಲ ಸರ್" ಅಂದರೆ ಯಾರೂ ಒಪ್ಪುವುದಿಲ್ಲ.

ಮೊದಲ ಎರಡು ಮೂರು ವಾರ ಎಲ್ಲರಿಗೂ ಕಸಿವಿಸಿ ಆಗುತ್ತದೆ, ಇದನ್ನು ಮೊದಲೇ ಹೇಳಿಬಿಡಿ. ಒಬ್ಬ ಡೆವಲಪರ್ ಸುಮ್ಮನೆ ಕೂತ ಹಾಗೆ ಕಾಣುತ್ತಾನೆ, ಇನ್ನೊಬ್ಬ ಟೆಸ್ಟಿಂಗ್ ನನ್ನ ಕೆಲಸ ಅಲ್ಲ ಎನ್ನುತ್ತಾನೆ, ಹೊಸದು ಶುರುವಾಗುತ್ತಿಲ್ಲ ಎಂದು ಗಿರಾಕಿ ಗೊಣಗುತ್ತಾರೆ. ಹಾಗಾಗಿ ಶುರು ಮಾಡುವ ಸಮಯ ಮುಖ್ಯ. ನವೆಂಬರ್, ಡಿಸೆಂಬರ್‌ನಲ್ಲಿ ಮುಂಗಾರು ಭತ್ತ ಮಿಲ್ಲಿಗೆ ಬರುವಾಗ ಬೇಡ, ಏಪ್ರಿಲ್, ಮೇ ತಿಂಗಳ ಬೇಸಿಗೆ ಭತ್ತದ ಹೊತ್ತಿನಲ್ಲೂ ಬೇಡ, ಮಾರ್ಚ್ ಅಂತೂ ಬೇಡವೇ ಬೇಡ. ಜುಲೈಯಿಂದ ಸೆಪ್ಟೆಂಬರ್ ಒಳಗೆ ಮಾಡಿದರೆ ಸುಗ್ಗಿಯ ಹೊತ್ತಿಗೆ ಟೀಮ್‌ಗೆ ರೂಢಿಯಾಗಿರುತ್ತದೆ. ಮೂರು ತಿಂಗಳು ನಿಷ್ಠೆಯಿಂದ ಮಾಡಿದ ಮೇಲೂ ಟೆಸ್ಟಿಂಗ್ ಯಾವಾಗಲೂ ತುಂಬಿಯೇ ಇದ್ದರೆ ನಿಮಗೆ ನಿಜಕ್ಕೂ ಇನ್ನೊಬ್ಬ ಟೆಸ್ಟರ್ ಬೇಕು. ಆಗ ಸಾಹೇಬರ ಹತ್ತಿರ ಕೇಳಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಕೊನೆಗೆ ಟ್ರೆಲ್ಲೋ, ಜಿರಾ ಪ್ರಶ್ನೆ. ಈಗ ಬದಲಿಸಬೇಡಿ. ಟ್ರೆಲ್ಲೋದಲ್ಲಿ ಪಟ್ಟಿಗೆ ಮಿತಿ ಹಾಕುವ ಪವರ್-ಅಪ್ (ಬೇಕಾದರೆ ಸೇರಿಸಿಕೊಳ್ಳುವ ಸೌಲಭ್ಯ) ಇದೆ, ಮೀರಿದರೆ ಬಣ್ಣ ಬದಲಾಗುತ್ತದೆ. ಜಿರಾದಲ್ಲೂ ಕಾಲಮ್‌ಗೆ ಗರಿಷ್ಠ ಸಂಖ್ಯೆ ಕೊಟ್ಟರೆ ಇಷ್ಟೇ ಆಗುತ್ತದೆ. ಮಿತಿ ಮೀರುವ ಕಾರ್ಡನ್ನು ಕೈಹಿಡಿದು ತಡೆಯುವುದು ಎರಡರ ಕೆಲಸವೂ ಅಲ್ಲ, ಟೀಮ್‌ದೇ. ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವವರಾದರೆ ನಾನು ಗೋಡೆಯನ್ನೇ ಆರಿಸುತ್ತೇನೆ. ಬಿಳಿ ಬೋರ್ಡ್, ಅಂಟು ಚೀಟಿ, ಪ್ರತಿ ಕಾಲಮ್‌ನಲ್ಲಿ ಮಿತಿಯಷ್ಟೇ ಚೌಕ ಬರೆದುಬಿಡಿ. ಚೌಕ ಖಾಲಿ ಇಲ್ಲದಿದ್ದರೆ ಚೀಟಿ ಅಂಟಿಸಲು ಜಾಗ ಇರುವುದಿಲ್ಲ, ಸಾಹೇಬರು ಒಳಗೆ ಬರುವಾಗಲೇ ಅದು ಅವರ ಕಣ್ಣಿಗೆ ಬೀಳುತ್ತದೆ. ಟ್ರೆಲ್ಲೋವನ್ನು ದಿನಾಂಕ ಬರೆದಿಡಲು ಇಟ್ಟುಕೊಳ್ಳಿ.